ತಾಯಿ ನಾಣ್ಯದ ಗಾಯ

ಮೂವತ್ತೊಂದು ವರ್ಷದಿಂದ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ ಹೆಂಗಸಿಗೆ ಅಲ್ಲಿನವರು ಇಟ್ಟ ಹೆಸರು ಭೂತಗನ್ನಡಿ. ಎದುರಿಗೆ ಸಿಕ್ಕರೆ ಮಾತ್ರ ಅಕ್ಕ. ಮದುವೆಯ ಕರೆಯೋಲೆಯಲ್ಲಿ ವರನ ತಾತನ ಹೆಸರು ತಪ್ಪಿದ್ದರೆ ಅವಳ ಕಣ್ಣು ನೆಟ್ಟಗೆ ಅಲ್ಲಿಗೇ ಹೋಗಿ ಕೂರುತ್ತಿತ್ತು. ಊರವರ ಕರೆಯೋಲೆ ಸಾವಿರಗಟ್ಟಲೆ ತಿದ್ದಿದಳು, ತನ್ನದೊಂದು ಅಚ್ಚಾಗಲಿಲ್ಲ. ಯಾರಾದರೂ ಕೆದಕಿದರೆ, "ತಪ್ಪಿಲ್ಲದ ಗಂಡು ಇನ್ನೂ ಪ್ರೂಫಿಗೆ ಬಂದಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ನಿಜ ಬೇರೆ ಇತ್ತು. ಅವಳಿಗೆ ಹತ್ತೊಂಬತ್ತಾಗಿದ್ದಾಗ ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡರು, ಆರು ವರ್ಷದ ತಮ್ಮ ಅವಳ ಸೆರಗು ಹಿಡಿದು ನಿಂತ. ಅವನನ್ನು ಓದಿಸಿ, ಹಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿಸುವಷ್ಟರಲ್ಲಿ ಅವಳ ತಲೆಗೂದಲು ನೆರೆತಿತ್ತು. ಈಗ ಅವನಿಗೆ ಮೂವತ್ತೆಂಟು. ಮನೆಯಲ್ಲಿ ಇನ್ನೂ ಪುಟ್ಟನೇ.

ಅಪ್ಪ ಬಿಟ್ಟುಹೋದ ಆಸ್ತಿ ಒಂದು ಬೆಳ್ಳಿ ನಾಣ್ಯ. ಒಂದು ಕಡೆ ಹಡಗು, ಇನ್ನೊಂದು ಕಡೆ ಕಿರೀಟ ತೊಟ್ಟ ತಲೆ. ಆ ತಲೆಯ ಗಲ್ಲದ ಕೆಳಗೆ ಸಾಸಿವೆಯಷ್ಟು ಗಾಯ. ಏಳು ವರ್ಷದವಳಿದ್ದಾಗ ರಾಜನಿಗೆ ಗಡ್ಡ ಬರೆಯುತ್ತೇನೆಂದು ಅವಳೇ ಮೊಳೆ ಇಟ್ಟು ಕಲ್ಲಿನಿಂದ ಕುಟ್ಟಿದ್ದಳು. ಅಪ್ಪ ಹೊಡೆಯಲಿಲ್ಲ. "ಹೋಗ್ಲಿ ಬಿಡು, ಇನ್ಮೇಲೆ ಕಳೆದ್ರೂ ನಮ್ಮದೂಂತ ಗೊತ್ತಾಗತ್ತೆ" ಎಂದಿದ್ದ.

ಆ ಒಂದರಿಂದ ಹತ್ತಿದ ಹುಚ್ಚು ಬೆಳೆಯುತ್ತಾ ಹೋಯಿತು. ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಹಿಂದಿನ ಜಗಲಿಯಲ್ಲಿ ಹಳೇ ನಾಣ್ಯದ ಹವ್ಯಾಸಿಗಳು ಸೇರುತ್ತಾರೆ. ಅಲ್ಲಿ ಬೆಳ್ಳಿಯ ವಿಷಯಕ್ಕೆ ಕೊನೆಯ ಮಾತು ಅವಳದು. ಮೊದಲು ತೂಕ, ಆಮೇಲೆ ದನಿ, ಕೊನೆಗೆ ಭೂತಗನ್ನಡಿ. ಅಪ್ಪಟ ಬೆಳ್ಳಿಯನ್ನು ಕಲ್ಲಿನ ಮೇಲೆ ಬೀಳಿಸಿದರೆ ದನಿ ಎಳೆದುಕೊಂಡು ಹೋಗುತ್ತದೆ, ನಕಲಿ ಠಕ್ಕೆಂದು ಸಾಯುತ್ತದೆ. ಎರಕ ಹೊಯ್ದ ನಕಲಿಯ ಮೈಮೇಲೆ ರವೆ ಉದುರಿಸಿದಂತೆ ಸಣ್ಣ ಗುಳಿ, ಅಂಚಿನಲ್ಲಿ ಅರ ಹಾಕಿ ಉಜ್ಜಿದ ಗೆರೆ. ಇಷ್ಟಾದ ಮೇಲೆ ಅವಳು "ಹೂಂ" ಅಂದರೆ ಹೂಂ, "ಊಹೂಂ" ಅಂದರೆ ಮುಗಿಯಿತು. "ನಾಳೆ ಹೇಳ್ತೀನಿ" ಎಂಬ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಅದು ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಅದೇ ಗುಂಪಿನ ರಿಟೈರಾದ ಬಸ್ ಕಂಡಕ್ಟರ್ ಪ್ರೆಸ್ಸಿಗೇ ಬಂದು ಕರವಸ್ತ್ರದ ಗಂಟು ಬಿಚ್ಚಿದ. ಹಡಗಿನ ನಾಣ್ಯ, ಐದು.

"ಎಲ್ಲ ಕೊಟ್ಬಿಟ್ಟೆ ಅಕ್ಕ," ಎಂದ, ಮುಖದ ತುಂಬ ನಗು. "ಬ್ಯಾಗಿಗೆ ಬಿದ್ದ ಚಿಲ್ಲರೇಲಿ ಆರಿಸಿ ಆರಿಸಿ ಇಟ್ಕೊಂಡಿದ್ನಲ್ಲ, ಮೂರು ಡಬ್ಬ ತಾಮ್ರ, ಪೂರ್ತಿ ಒಬ್ಬ ದಲ್ಲಾಳಿಗೆ ಕೊಟ್ಟು ಈ ಐದು ತಗೊಂಡೆ. ನನ್ನ ಸರ್ವೀಸ್ ಪೂರ್ತಿ ಇದ್ರಲ್ಲಿದೆ ನೋಡಿ."

ಅವಳು ಮೊದಲಿನದನ್ನು ಪುಟ್ಟ ತಕ್ಕಡಿಗೆ ಹಾಕಿದಳು. ತೂಕ ಸರಿ. ಕಿಟಕಿಯ ಕಲ್ಲಿನ ಮೇಲೆ ಬೀಳಿಸಿದಳು. ದನಿ ಎಳೆದುಕೊಂಡು ಹೋಯಿತು. ಚೆನ್ನಾಗಿದೆ ಅಂದುಕೊಂಡು ಎರಡನೆಯದನ್ನು ಎತ್ತಿಕೊಂಡಳು. ಠಕ್. ಕನ್ನಡಿ ಹಿಡಿದಳು. ಗಲ್ಲದ ಕೆಳಗೆ ಸಾಸಿವೆಯಷ್ಟು ಗಾಯ. ಮೂರನೆಯದಕ್ಕೂ ಅದೇ ಗಾಯ, ನಾಲ್ಕನೆಯದಕ್ಕೂ, ಐದನೆಯದಕ್ಕೂ. ಗಡಿಬಿಡಿಯಲ್ಲಿ ಮೊದಲಿನದನ್ನು ಮತ್ತೆ ತೆಗೆದು ನೋಡಿದರೆ ಅದಕ್ಕೂ ಇತ್ತು.

ಟಂಕಸಾಲೆಯಲ್ಲಿ ಲಕ್ಷ ನಾಣ್ಯ ಒಂದೇ ಥರ ಹುಟ್ಟಬಹುದು. ಪೆಟ್ಟು ಮಾತ್ರ ಪ್ರತಿಯೊಂದೂ ಬೇರೆ ಬೇರೆ ತಿನ್ನುತ್ತದೆ. ಐದಕ್ಕೆ ಒಂದೇ ಗಾಯವಿದ್ದರೆ ಅಷ್ಟೂ ಅಚ್ಚು ತೆಗೆಯಲು ಬಳಸಿದ ಒಂದೇ ತಾಯಿ ನಾಣ್ಯಕ್ಕೆ ಸಂಬಂಧಪಟ್ಟವು ಎಂದೇ ಅರ್ಥ. ಆ ತಾಯಿ ಅವಳ ಮನೆಯ ಪೆಟ್ಟಿಗೆಯಲ್ಲಿರಬೇಕಿತ್ತು. ಎಂಟು ತಿಂಗಳ ಹಿಂದೆ ಅದು ಎರಡೇ ಎರಡು ದಿನ ಮನೆಯಿಂದ ಹೊರಗೆ ಹೋಗಿತ್ತು. "ಲ್ಯಾಬಿನವರು ನೋಡ್ಬೇಕಂತೆ ಅಕ್ಕ" ಎಂದು ಪುಟ್ಟ ತೆಗೆದುಕೊಂಡು ಹೋಗಿದ್ದ. ಮೇಣದಲ್ಲಿ ಹಲ್ಲು ಮಾಡಿ, ಪ್ಲಾಸ್ಟರಿನಲ್ಲಿ ಹುದುಗಿಸಿ, ಕರಗಿದ ಲೋಹ ಹೊಯ್ಯುವುದೇ ಅವನ ದಿನದ ಕೆಲಸ.

"ಏನಕ್ಕ, ಮುಖ ಯಾಕೆ ಹಂಗಾಯ್ತು?"

"ಕಣ್ಣು ಯಾಕೋ ಮಂಜಾಗ್ತಿದೆ ಕಂಡಕ್ಟ್ರೇ. ಇಲ್ಲೇ ಬಿಟ್ಟೋಗಿ. ನಾಳೆ ಹೇಳ್ತೀನಿ."

ಗಂಟು ಹಿಡಿದು ಮನೆಗೆ ಬಂದವಳು ಚಪ್ಪಲಿ ಬಿಡದೆ ಒಳಕ್ಕೆ ನುಗ್ಗಿ ಪೆಟ್ಟಿಗೆ ತೆಗೆದಳು. ತಾನು ತಪ್ಪು ನೋಡಿರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡಳು. ಅಪ್ಪನ ನಾಣ್ಯ ತಕ್ಕಡಿಗೆ ಬಿತ್ತು. ಅರ್ಧ ಗ್ರಾಂ ಕಡಿಮೆ. ಬೀಳಿಸಿದಳು. ಠಕ್. ಅಂಚಿನಲ್ಲಿ ಅರದ ಗೆರೆ ಎದ್ದು ಕಾಣುತ್ತಿತ್ತು.

ಊರಿನವರ ನಾಣ್ಯವನ್ನೆಲ್ಲ ಸೋಸಿ ನೋಡಿದವಳು ತಮ್ಮ ತಂದಿಟ್ಟದ್ದನ್ನು ತಿರುಗಿಸಿಯೂ ನೋಡಿರಲಿಲ್ಲ. ನಮ್ಮದು ಅಂದಮೇಲೆ ಕನ್ನಡಿ ಯಾಕೆ? ದೀಪದ ಬುಡದಲ್ಲಿ ಕತ್ತಲೆ ಎಂದು ಬೇರೆಯವರಿಗೆ ಹೇಳುವುದು ಸುಲಭ. ಅವಳು ನೆಲದ ಮೇಲೆ ಕೂತುಬಿಟ್ಟಳು.

ಸಂಜೆ ಆರಕ್ಕೆ ಬಂದ ತಮ್ಮ ನೆಲದ ಮೇಲಿದ್ದ ತಕ್ಕಡಿ, ಪಕ್ಕದಲ್ಲಿದ್ದ ಕಂಡಕ್ಟರನ ಗಂಟು ನೋಡಿದ. ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ.

"ಮೊದಲ್ನೇದು ತಮಾಷೆಗೆ ಮಾಡ್ದೆ ಅಕ್ಕ. ನಿನಗೇ ಕೊಟ್ಟು ನೋಡ್ದೆ. ಕೈಯಲ್ಲಿ ಹಿಡಿದ ಕೂಡ್ಲೇ ನೀನು ಕಿವಿ ಹಿಂಡ್ತೀಯ, ಇಬ್ರೂ ನಗ್ತೀವಿ ಅಂದ್ಕೊಂಡಿದ್ದೆ. ನೀನು ಸುಮ್ನೆ ಪೆಟ್ಟಿಗೆಗೆ ಹಾಕ್ದೆ. ಎರಡು ವಾರ ಕಾದೆ. ನಿಂಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಇನ್ನ್ಯಾರಿಗೆ ಗೊತ್ತಾಗತ್ತೆ?"

"ಅಂದ್ರೆ ನಾನೇ ಪ್ರೂಫ್ ಪಾಸ್ ಮಾಡಿದ ಹಾಗಾಯ್ತು" ಎಂದಳು. ನಗು ಬರಲಿಲ್ಲ.

"ಅಪ್ಪಂದು ಎಲ್ಲಿ?" ಎಂದು ಅವಳೇ ಮತ್ತೆ ಕೇಳಿದಳು.

"ಗೊತ್ತಿಲ್ಲ. ಬೆರೆತೋಯ್ತು. ದಲ್ಲಾಳಿಗೆ ಕೊಟ್ಟದ್ರಲ್ಲಿ ಒಟ್ಟಿಗೆ ಹೋಗಿರ್ಬೇಕು." ಅವನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಹಿಡಿದುಕೊಂಡ. ಅವನ ಉಗುರುಸಂದಿಯಲ್ಲಿ ಪ್ಲಾಸ್ಟರಿನ ಬಿಳುಪು ಇತ್ತು. "ಒಂದೇ ಒಂದು ಮಾತು ಅಕ್ಕ. ನಾಳೆ ಜಗಲೀಲಿ ಎಲ್ಲ ಅಸಲಿ ಅಂದ್ಬಿಡು. ನಿನ್ನ ಮಾತನ್ನ ಯಾರೂ ತೆಗೆದುಹಾಕಲ್ಲ. ಇಲ್ದಿದ್ರೆ ಜೈಲಿಗೆ ಹೋಗ್ತೀನಿ. ನಂಗೆ ನಿನ್ನ ಬಿಟ್ರೆ ಯಾರಿದಾರೆ?"

ಅವನು ಅಳತೊಡಗಿದ. ಆರು ವರ್ಷದವನಿದ್ದಾಗಲೂ ಹೀಗೆಯೇ ಅತ್ತಿದ್ದ. ಕೆನ್ನೆಗೆ ಬಾರಿಸಬೇಕೆನಿಸಿತು, ತಲೆ ಸವರಬೇಕೆನಿಸಿತು. ಎರಡನ್ನೂ ಮಾಡಲಾಗದೆ ಕೈ ಬಿಡಿಸಿಕೊಂಡಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಗೆ ಬೈಯಬಹುದು. ಆ ಬೇಲಿಯನ್ನು ನೆಟ್ಟು, ನೀರೆರೆದು ಬೆಳೆಸಿದವಳೇ ಅವಳಾಗಿದ್ದಳು.

ಅವನು ಎದ್ದುಹೋದ ಮೇಲೆ, ಒಟ್ಟಿಗೆ ಹೋಗಿರಬೇಕು ಎಂಬ ಮಾತು ತಲೆಗೆ ಹತ್ತಿತು. ಕಂಡಕ್ಟರನ ಗಂಟು ಬಿಚ್ಚಿ ಮೊದಲು ನೋಡಿದ್ದನ್ನು ಹುಡುಕಿದಳು. ತೂಕ ಸರಿ, ದನಿ ಸರಿ, ಮೈಮೇಲೆ ಒಂದು ಗುಳಿಯಿಲ್ಲ. ಗಾಯದ ತಳದಲ್ಲಿ ಮೊಳೆಯ ಮೊನೆ ಜಾರಿದ ಸಣ್ಣ ಗೀರು, ಎರಕದಲ್ಲಿ ಮೂಡದಷ್ಟು ಸಣ್ಣದು. ಅದೇ ಅಪ್ಪನ ನಾಣ್ಯ. ಅದನ್ನು ಕೆನ್ನೆಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು.

ಬೆಳಿಗ್ಗೆ ಎದ್ದಾಗ ದಾರಿ ಸಲೀಸಾಗಿ ಕಂಡಿತು. ಅಪ್ಪನದನ್ನು ಪೆಟ್ಟಿಗೆಗೆ ಹಾಕಿ ಪೆಟ್ಟಿಗೆಯದನ್ನು ಗಂಟಿಗೆ ಸೇರಿಸಿದರೆ ಐದಕ್ಕೆ ಐದೂ ನಕಲಿ. ಯಾರಿಗೂ ತಿಳಿಯುವುದಿಲ್ಲ. ಸೇರಿಸಿಯೂ ಆಯಿತು, ಗಂಟು ಕಟ್ಟಿಯೂ ಆಯಿತು. ಬಾಗಿಲವರೆಗೆ ಹೋದವಳು ವಾಪಸು ಬಂದು ಗಂಟು ಬಿಚ್ಚಿ, ಅಪ್ಪನದನ್ನು ಮತ್ತೆ ಅದರೊಳಗೆ ಇಟ್ಟಳು. ಮೂರು ಡಬ್ಬ ತಾಮ್ರಕ್ಕೆ ಆ ಮನುಷ್ಯನಿಗೆ ಸಿಕ್ಕಿದ್ದೇ ಒಂದು ಬೆಳ್ಳಿ. ತಮ್ಮ ಕದ್ದ, ಅಕ್ಕನೂ ಕದಿಯುವುದೇ? ಪುಟ್ಟ ಮೆಟ್ಟಿಲ ಮೇಲೆ ಕೂತಿದ್ದ. ಮುಖ ನೋಡಿದರೆ ಕಾಲು ಏಳುವುದಿಲ್ಲವೆಂದು ಅವಳು ನೋಡದೆ ದಾಟಿ ಹೋದಳು.

ಜಗಲಿಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಅವಳು ಮೇಜಿನ ಮೇಲೆ ಒಂದು ಕಡೆ ನಾಲ್ಕು ನಾಣ್ಯ, ಇನ್ನೊಂದು ಕಡೆ ಒಂದನ್ನು ಇಟ್ಟಳು.

"ನಾಲ್ಕು ನಕಲಿ, ಕಂಡಕ್ಟ್ರೇ. ಇದೊಂದು ಅಸಲಿ."

ಅವನು ನಾಲ್ಕನ್ನೂ ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದ. ಅವಳು ಮನೆಯದನ್ನು ತೆಗೆದು ನಾಲ್ಕರ ಪಕ್ಕಕ್ಕೆ ಇಟ್ಟಳು. "ಇದು ಐದನೇ ನಕಲಿ. ನನ್ನ ಪೆಟ್ಟಿಗೇಲಿತ್ತು."

ಗುಂಪಿನಲ್ಲಿದ್ದ ವಾಚ್ ರಿಪೇರಿಯವನು ಕನ್ನಡಿ ಹಿಡಿದು ನೋಡಿ ಲೊಚಗುಟ್ಟಿದ. "ಅಯ್ಯೋ ಅಕ್ಕ, ನಿಮಗೂ ಟೋಪಿ ಹಾಕಿದಾರಲ್ಲ!"

ಎಲ್ಲರೂ ಪಾಪ ಎನ್ನುವಂತೆ ನೋಡಿದರು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇನ್ನೊಂದು ಭಾನುವಾರ ಇನ್ನೊಬ್ಬನ ಕರವಸ್ತ್ರದಲ್ಲಿ ಇದೇ ನಾಣ್ಯ ಬರುತ್ತಿತ್ತು.

"ಯಾರೂ ಹಾಕಿಲ್ಲ. ಮಾಡಿದವನು ನನ್ನ ತಮ್ಮ. ಕೈಗೆ ಕೊಟ್ಟಾಗ ನಾನು ನೋಡ್ಲಿಲ್ಲ."

ಎಲ್ಲರೂ ಒಟ್ಟಿಗೆ ಮಾತು ಶುರು ಮಾಡಿದರು. ಒಬ್ಬ ಆಗಲೇ ಪೊಲೀಸಿಗೆ ಫೋನ್ ಹಚ್ಚಿದ್ದ. ನನಗೆ ಹೋದ ತಿಂಗಳು ಹೂಂ ಅಂದದ್ದು ಏನು ಕತೆ ಎಂದು ಇನ್ನೊಬ್ಬ ಕೂಗಿದ. ಅಕ್ಕ ಎನ್ನುತ್ತಿದ್ದವರ ಬಾಯಲ್ಲಿ ಆ ಶಬ್ದ ಒಮ್ಮೆಯೂ ಬರಲಿಲ್ಲ.

ಅವಳು ಒಂಟಿ ನಾಣ್ಯವನ್ನು ಕಂಡಕ್ಟರನ ಕೈಗೆ ಹಾಕಿದಳು. "ಇದನ್ನ ಜೋಪಾನ ಮಾಡ್ಕೊಳ್ಳಿ. ಇದು ಅಪ್ಪಟ."

ಅವನು ಅದನ್ನು ತಿರುಗಿಸಿ, ವಾಚ್ ರಿಪೇರಿಯವನ ಕನ್ನಡಿ ಇಸಿದುಕೊಂಡು ನೋಡಿದ.

"ಅದೇ ಗಾಯ," ಎಂದ. "ಇದಕ್ಕೂ ಅದೇ ಗಾಯ ಇದೆಯಲ್ರೀ. ಇನ್ನೂ ನನ್ನ ಮಂಗ ಮಾಡ್ತೀರಾ?"

"ಅದು ತಾಯಿ ನಾಣ್ಯ. ಆ ಗಾಯ ನಾನೇ ಮಾಡಿದ್ದು..."

ಕಂಡಕ್ಟರ್ ಅದನ್ನು ನೆಲಕ್ಕೆ ಬಿಸಾಕಿದ. ಜಗಲಿಯ ಕಲ್ಲಿಗೆ ಬಡಿದ ನಾಣ್ಯದ ದನಿ ಎಳೆದುಕೊಂಡು, ಎಳೆದುಕೊಂಡು ಹೋಯಿತು. ಆ ಗದ್ದಲದಲ್ಲಿ ಕೇಳಿಸಿಕೊಂಡವಳು ಅವಳೊಬ್ಬಳೇ. ಮಂಡಿಯೂರಿ ಅದನ್ನು ಹುಡುಕಿ ಎತ್ತಿ, ಸೆರಗಿನಲ್ಲಿ ಒರೆಸಿ, ಮತ್ತೆ ಅವನ ಕಡೆಗೆ ಚಾಚಿದಳು. ಅವನು ಖಾಲಿ ಕರವಸ್ತ್ರ ಮಡಚುತ್ತಿದ್ದ. ಚಾಚಿದ ಕೈಯತ್ತ ಯಾರೂ ನೋಡಲಿಲ್ಲ.