ಅತ್ತೆ ಆರಿಸಿದ ರಿಸೀವರ್

ಅಂಗಡಿಯ ಗಾಜಿನ ಬಾಗಿಲು ಗಡಗಡ ನಡುಗಿತು. ಟಿವಿಯಲ್ಲಿ ಹೆಲಿಕಾಪ್ಟರ್ ಸಿಡಿದಿತ್ತು. "ನೋಡಿ ಸಾರ್, ಎದೆಗೇ ಬಡಿಯುತ್ತೆ!" ಎಂದು ತರೀಕೆರೆಯ ಆ ಅಂಗಡಿಯಾತ ಹಿಗ್ಗಿದ. ನನ್ನ ಗಂಡನೂ ಹಿಗ್ಗಿದರು. ಹೋಮ್ ಥಿಯೇಟರಿನ ಸ್ಪೀಕರುಗಳಿಗೆ ದನಿ ಕೊಡುವ ರಿಸೀವರ್ ಕೊಳ್ಳಲು ಮೂವರೂ ಹೋಗಿದ್ದೆವು. ಅದು ಸಿನಿಮಾಕ್ಕೂ ಆಗಬೇಕಿತ್ತು, ಅತ್ತೆಯ ಭಜನೆಗೂ ಆಗಬೇಕಿತ್ತು.

ಅತ್ತೆ ಕಿವಿಯಿಂದ ಕೈ ತೆಗೆದು, "ಬಾಂಬು ಯಾವ್ದ್ರಲ್ಲಿ ಹಾಕಿದ್ರೂ ಬಾಂಬೇ ಕಣಪ್ಪಾ. ನಮ್ ಭಜನೆ ಹಾಕು" ಎಂದು ಫೋನು ಚಾಚಿದರು. ಸೋಮವಾರ ಮಠದಲ್ಲಿ ಅವರ ತಂಡ ಹಾಡಿದ್ದನ್ನು ನಾನೇ ಅದರಲ್ಲಿ ರೆಕಾರ್ಡ್ ಮಾಡಿದ್ದೆ.

ಹೆಲಿಕಾಪ್ಟರ್ ಸಿಡಿಸಿದ ರಿಸೀವರಿನಲ್ಲಿ ಹಾರ್ಮೋನಿಯಂ, ತಬಲಾ, ಹೆಂಗಸರ ದನಿ ಎಲ್ಲ ಒಂದೇ ಮುದ್ದೆಯಾಗಿ ಬಂದವು. ಅವೇ ಸ್ಪೀಕರುಗಳನ್ನು ಪಕ್ಕದ ಇನ್ನೊಂದಕ್ಕೆ ಜೋಡಿಸಿದಾಗ ಒಬ್ಬೊಬ್ಬರ ದನಿಯೂ ಬಿಡಿಬಿಡಿಯಾಗಿ ಕೇಳಿಸಿತು. ಅದರಲ್ಲೊಂದು ದನಿ ತಾಳ ತಪ್ಪಿ ಎಲ್ಲರ ಹಿಂದೆ ಎಳೆಯುತ್ತಿತ್ತು. ಅದು ಅತ್ತೆಯದೇ. ನಾನು ಅಂಗಡಿಯ ಫ್ಯಾನು ನೋಡುತ್ತಾ ನಿಂತೆ. ಅಂಗಡಿಯಾತ ಪಾಪ, ಮತ್ತೆ ಮೊದಲನೆಯದಕ್ಕೇ ಬದಲಿಸಲು ಹೋದ. ಅತ್ತೆ ಕೈ ಅಡ್ಡ ಹಿಡಿದರು.

ಹಾಡು ಮುಗಿಯುವವರೆಗೆ ಕೇಳಿ, "ಇಷ್ಟ್ ವರ್ಷದಲ್ಲಿ ಒಬ್ರೂ ಹೇಳ್ಲಿಲ್ವಲ್ಲೇ ನಂಗೆ! ಇದನ್ನೇ ಪ್ಯಾಕ್ ಮಾಡಪ್ಪಾ" ಎಂದರು.

ಈಗ ಸಂಜೆ ಗಂಡನ ಸಿನಿಮಾಕ್ಕೆ ಮುಂಚೆ ಅತ್ತೆಯ ಅಭ್ಯಾಸ ನಡೆಯುತ್ತದೆ. ಮೊನ್ನೆ ಮಠದಲ್ಲಿ ಅವರು ಒಮ್ಮೆಯೂ ಹಿಂದೆ ಬೀಳಲಿಲ್ಲ. ಬೇರೆ ಯಾರು ಬಿದ್ದರೆಂಬುದು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸಿದೆ. ನಾಳೆ ಆಕೆಯನ್ನು ನಮ್ಮ ಮನೆಗೆ ಕಾಫಿಗೆ ಕರೆದಿದ್ದಾರೆ.