ಬನ ಸುತ್ತಿ ಬಂದ ತಂತಿ

ಹಿಲ್ಲೂರಿನಲ್ಲಿ ಬಾಳಾ ಗೌಡನನ್ನು ಪೂರ್ತಿ ಹೆಸರು ಹಿಡಿದು ಕರೆದವರಿಲ್ಲ. ಫೋನಿನ ಬಾಳಾ ಎಂದರೆ ಅಂಕೋಲೆ ಪೇಟೆಯವರೆಗೂ ಗೊತ್ತು. ಟೆಲಿಫೋನ್ ಕಚೇರಿಯ ಗುತ್ತಿಗೆ ಲೈನ್‌ಮನ್ ಆಗಿ ಇಪ್ಪತ್ತೇಳು ವರ್ಷ ಕಳೆದ ಮನುಷ್ಯ. ಮಳೆಗಾಲದಲ್ಲಿ ನೆಲದಡಿಯ ಕೇಬಲಿಗೆ ನೀರು ಹೊಕ್ಕು ಫೋನುಗಳು ಗೊರಗೊರ ಎನ್ನತೊಡಗಿದರೆ, ಯಾವ ಜಾಯಿಂಟ್ ಒದ್ದೆಯಾಗಿದೆ ಎಂದು ಅಗೆಯುವ ಮೊದಲೇ ಹೇಳುತ್ತಿದ್ದ. ಅಗೆದರೆ ಅದೇ ಇರುತ್ತಿತ್ತು. ಊರೆಲ್ಲ ಮೊಬೈಲ್ ಹಿಡಿದ ಮೇಲೂ ತಾಮ್ರದ ತಂತಿಯ ಮೇಲಿನ ಅವನ ಹೆಮ್ಮೆ ಇಳಿಯಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. "ನಿಮ್ ಮೊಬೈಲು ಗುಡ್ಡ ಹತ್ತಿದ್ರೆ ಮಾತಾಡ್ತದೆ, ನನ್ ತಂತಿ ಕೂತಲ್ಲೇ ಮಾತಾಡ್ತದೆ," ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ. ಅವನ ಜನರ ಹದಿನಾಲ್ಕು ಮನೆಗಳ ಕೊಪ್ಪ ಇರುವುದು ಕಾಡಿನ ನಡುವೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಬಂದರೆ ಬಂತು, ಇಲ್ಲವಾದರೆ ಇಲ್ಲ.

ಎರಡು ವರ್ಷದ ಹಿಂದೆ ಅವನ ಹೆಂಡತಿ ಗಂಗಮ್ಮನಿಗೆ ಗದ್ದೆಯಲ್ಲೇ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕಾರವಾರದಲ್ಲಿ ಕೆಲಸಕ್ಕಿದ್ದ ಮಗಳು ವಿದ್ಯಾ ಎಲ್ಲ ಬಿಟ್ಟು ಮನೆಗೆ ಬಂದಳು. ಬಾಳಾ ತುತ್ತು ಹಿಡಿದರೆ ಗಂಗಮ್ಮ ಬಾಯಿ ಬಿಗಿಹಿಡಿಯುತ್ತಿದ್ದಳು. ಮಗಳು ಹಿಡಿದರೆ ಉಣ್ಣುತ್ತಿದ್ದಳು. ಗಂಡನ ಎದುರು ಹೀಗೆ ಮಲಗಿಬಿಟ್ಟ ನಾಚಿಕೆಯೋ ಏನೋ, ಕೇಳಿದರೆ ಹೇಳಲು ಅವಳಿಗೆ ಮಾತಿರಲಿಲ್ಲ.

ವಿದ್ಯಾ ಸುಮ್ಮನೆ ಕೂರುವ ಹುಡುಗಿಯಲ್ಲ. ಒಂದು ಕಂಪನಿಯವರು ಮನೆಯಲ್ಲೇ ಕೂತು ಮಾಡುವ ಕೆಲಸ ಕೊಡುತ್ತಾರೆಂದು ಪತ್ತೆ ಹಚ್ಚಿದಳು. ಗಿರಾಕಿಗಳ ದೂರು ಕೇಳಿ ಉತ್ತರ ಹೇಳಬೇಕು. ಕನ್ನಡ, ಕೊಂಕಣಿ, ಮರಾಠಿ ಮೂರೂ ಬರಬೇಕು. ಅವಳಿಗೆ ಮೂರೂ ನೀರು ಕುಡಿದಷ್ಟು ಸಲೀಸು. ಪರೀಕ್ಷೆ ಪಾಸಾಯಿತು, ಸಂದರ್ಶನವೂ ಆಯಿತು. ಉಳಿದದ್ದು ಒಂದೇ ಷರತ್ತು: ದೀಪಾವಳಿಯೊಳಗೆ ಮನೆಯ ಇಂಟರ್ನೆಟ್ಟಿಗೆ ಇಪ್ಪತ್ತು ಎಂಬಿ ವೇಗ ಇರಬೇಕು, ಅದನ್ನು ಕಂಪನಿಯವರೇ ಅಳೆದು ನೋಡುತ್ತಾರೆ. ಆಗ ಮನೆಯಲ್ಲಿ ಬರುತ್ತಿದ್ದದ್ದು ಮೂರು.

ಆ ಬೇಸಿಗೆಯಲ್ಲೇ ಟೆಲಿಫೋನ್ ಕಚೇರಿಯ ಹೊಸ ಇಂಜಿನಿಯರ್ ನಿತೇಶ ಎರಡು ಪಟ್ಟಿ ಹಿಡಿದು ಹಿಲ್ಲೂರಿಗೆ ಬಂದ. ರಸ್ತೆ ಬದಿಯ ಹಸಿರು ಪೆಟ್ಟಿಗೆಯಿಂದ, ಇವರು ಪಿಲ್ಲರ್ ಎನ್ನುವುದು ಅದಕ್ಕೆ, ಏಳುನೂರು ಮೀಟರಿನೊಳಗೆ ಇರುವ ಕೇರಿಗಳು ಒಂದು ಪಟ್ಟಿಯಲ್ಲಿ. ಅವಕ್ಕೆ ಪಿಲ್ಲರಿನಲ್ಲಿ ಹೊಸ ಯಂತ್ರ ಕೂರಿಸಿ, ಇದ್ದ ತಾಮ್ರದಲ್ಲೇ ವೇಗ ಹೆಚ್ಚಿಸುವುದು. ಒಂದೇ ತಿಂಗಳ ಕೆಲಸ. ಅದಕ್ಕಿಂತ ದೂರದವು ಇನ್ನೊಂದು ಪಟ್ಟಿಯಲ್ಲಿ. ಅಲ್ಲಿ ತಾಮ್ರ ತೆಗೆದು ಹೊಸದಾಗಿ ಫೈಬರ್ ಎಳೆಯುವುದು. ಮಳೆ ಮುಗಿದ ಮೇಲೆ, ನವರಾತ್ರಿ ಹೊತ್ತಿಗೆ.

"ತಾಮ್ರದಲ್ಲಿ ಮಾತು ಎಷ್ಟ್ ದೂರ ಬೇಕಾದ್ರೂ ಹೋಗ್ತದೆ ಬಾಳಣ್ಣ," ಎಂದ ನಿತೇಶ. "ವೇಗ ಹಂಗಲ್ಲ. ದೂರ ಹೆಚ್ಚಾದಂಗೆ ದಾರಿಲೇ ಸೋರಿ ಹೋಗ್ತದೆ. ನಿಮ್ ಕೊಪ್ಪಕ್ಕೆ ರಿಜಿಸ್ಟರಿನಲ್ಲಿ ಆರ್ನೂರಾ ಇಪ್ಪತ್ತು ಮೀಟರ್ ಅದೆ. ಸರಿಯಾ? ಇಲ್ಲಾಂದ್ರೆ ಹೇಳಿ, ಕಾರವಾರದಿಂದ ಅಳತೆ ಮಷೀನು ತರಿಸಿ ಅಳ್ದು ನೋಡುವ."

ಬಾಳಾ ಪಿಲ್ಲರಿನ ಬಾಗಿಲು ಹಿಡಿದು ನಿಂತಿದ್ದ. ಆರುನೂರಾ ಇಪ್ಪತ್ತು ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಅದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಇಡೀ ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ.

ಇಪ್ಪತ್ನಾಲ್ಕು ವರ್ಷದ ಹಿಂದೆ ಆ ಕೇಬಲ್ ಹೂಳುವಾಗ ನಕ್ಷೆಯ ಗೆರೆ ನಾಗಬನದ ನಡುವೆಯೇ ಹಾದು ಕೊಪ್ಪ ಸೇರಿತ್ತು. ಅಗೆಯುವ ಗುಂಪಿನ ಮುಂದಾಳು ಹುಲಿಯಾ ಬನದ ಅಂಚಿಗೆ ಬಂದವನೇ ಹಾರೆ ಕೆಳಗಿಟ್ಟ. "ಕೈ ಕಡ್ದ್ ಹಾಕ್ರೂ ಬನದ ಮಣ್ಣಿಗೆ ಹಾರೆ ಹಾಕೂದಿಲ್ಲ," ಎಂದ. ಬಾಳಾನೂ ಅದೇ ಮಾತಿಗೆ ನಿಂತ. ಬನವನ್ನು, ಅದರ ಹಿಂದಿನ ಕೆರೆಯನ್ನು ಪೂರ್ತಿ ಸುತ್ತು ಹಾಕಿ ಕೇಬಲ್ ಎಳೆದರು. ಆಗಿನ ಹಿರಿಯ ಸಾಹೇಬರು ದೈವಭಕ್ತರು, ಬೇಡ ಎನ್ನಲಿಲ್ಲ. ಮಂಜೂರಾದ ನಕ್ಷೆಯನ್ನು ತಿದ್ದುವ ಗೋಜಿಗೂ ಹೋಗಲಿಲ್ಲ. ಕಾಗದದಲ್ಲಿ ತಂತಿ ನೆಟ್ಟಗೇ ಉಳಿಯಿತು, ನೆಲದಲ್ಲಿ ದುಪ್ಪಟ್ಟು ಉದ್ದವಾಯಿತು. ಫೋನು ಟ್ರಿಣ್ ಎಂದಿತು, ಎಲ್ಲರೂ ಬೆಲ್ಲ ತಿಂದರು. ಅದರಲ್ಲಿ ಯಾರ ತಪ್ಪೂ ಇಲ್ಲ. ಅವತ್ತು ಅದು ತಪ್ಪೇ ಅಲ್ಲ.

ತಪ್ಪಾದದ್ದು ಈ ಪಿಲ್ಲರಿನ ಮುಂದೆ. ಬಾಳಾ ಒಂದು ಗಳಿಗೆ ಯೋಚಿಸಿದ. ನಿಜ ಹೇಳಿದರೆ ಕೊಪ್ಪ ಫೈಬರಿನ ಪಟ್ಟಿಗೆ ಹೋಗುತ್ತದೆ. ಫೈಬರ್ ಎಳೆಯುವವರು ಗುತ್ತಿಗೆದಾರನ ಹುಡುಗರು. ತಾಮ್ರವನ್ನು ಕಿತ್ತು ಗುಜರಿಗೆ ಒಯ್ಯುತ್ತಾರೆ. ಆಮೇಲೆ ಫೋನಿನ ಬಾಳಾ ಯಾರಿಗೆ ಬೇಕು? ಸರಕಾರಿ ಮಾತಿನ ನವರಾತ್ರಿ ಯಾವ ವರ್ಷದ್ದೋ ದೇವರೇ ಬಲ್ಲ, ಮಗಳಿಗೆ ಒಂದೇ ತಿಂಗಳಲ್ಲಿ ಸಿಗುವುದೇ ಒಳ್ಳೆಯದು ಎಂದೂ ತನಗೆ ತಾನೇ ಹೇಳಿಕೊಂಡ. ತಾನು ಕೈಯಾರೆ ಮಾಡಿದ ಜಾಯಿಂಟುಗಳು, ದೂರ ತುಸು ಹೆಚ್ಚಾದರೂ ಎಳೆದುಕೊಂಡು ಹೋದಾವು ಎಂಬ ಹಮ್ಮು ಬೇರೆ.

"ಸರಿ ಅದೆ ಸಾಹೇಬ್ರೆ," ಎಂದ. "ಅಳ್ಯೂದ್ ಎಂತ ಬೇಡ."

ಮೇ ತಿಂಗಳಲ್ಲಿ ಹೊಸ ಯಂತ್ರ ಬಂತು. ಬಾಳಾ ಮೂರು ದಿನ ಊಟ ಮರೆತು ದುಡಿದ. ಹಳೆಯ ಜಾಯಿಂಟುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಿದ, ತುಕ್ಕು ಹಿಡಿದ ತುದಿಗಳನ್ನು ಕತ್ತರಿಸಿದ. ನಾಲ್ಕನೆಯ ದಿನ ಬೆಳಿಗ್ಗೆ ಮಗಳ ಪಕ್ಕದಲ್ಲಿ ಕೂತ. ಪರದೆಯ ಮೇಲೆ ಅಂಕಿ ಏರಿತು. ಏಳು, ಒಂಬತ್ತು, ಹನ್ನೊಂದು. ಅಲ್ಲಿಗೆ ನಿಂತಿತು. ವಿದ್ಯಾ ಮತ್ತೆ ಮತ್ತೆ ಒತ್ತಿದಳು. ಹನ್ನೊಂದು ದಾಟಲಿಲ್ಲ, ಮಳೆ ಶುರುವಾದ ಮೇಲೆ ಅದೂ ಎಂಟಕ್ಕೆ ಇಳಿಯಿತು.

ನಿತೇಶ ಅಳತೆ ಮಷೀನು ತಂದು ತಂತಿಗೆ ಹಚ್ಚಿದ. ಸಾವಿರದ ಮುನ್ನೂರು ಮೀಟರ್.

"ಇದೆಂತ ಬಾಳಣ್ಣ?"

"ಹಳೇ ಸಾಹೇಬ್ರ ನಕ್ಷೆ," ಎಂದ ಬಾಳಾ. "ನಂಗೆಂತ ಗೊತ್ತು?" ಆ ಸಾಹೇಬರು ತೀರಿಕೊಂಡು ಆರು ವರ್ಷವಾಗಿತ್ತು. ಸತ್ತವರು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ.

ಪಾಪ ನಿತೇಶ, ಕೊಪ್ಪವನ್ನು ಫೈಬರಿನ ಪಟ್ಟಿಗೆ ಸೇರಿಸಿ ಎಂದು ಮೇಲಿನವರಿಗೆ ಎರಡು ಸಲ ಬರೆದ. ಅಲ್ಲಿ ಕೆಲಸ ಮುಗಿದಿದೆ, ಮುಂದಿನ ಯೋಜನೆಯಲ್ಲಿ ನೋಡೋಣ ಎಂದು ಉತ್ತರ ಬಂತು. ಹೊಳೆ ಬದಿಯ ಕೇರಿ ಮೊದಲಿನಿಂದಲೂ ದೂರದ ಪಟ್ಟಿಯಲ್ಲಿತ್ತು. ಎಂದೂ ಹೇಳಿದ ದಿನಕ್ಕೆ ಬಾರದ ಕಚೇರಿಯವರು ಈ ಒಂದು ಸಲ ಮಾತು ಉಳಿಸಿಕೊಂಡರು: ನವರಾತ್ರಿಗೆ ನಾಲ್ಕು ದಿನ ಮೊದಲೇ ಆ ಕೇರಿಯ ಮನೆಮನೆಗೂ ಫೈಬರ್ ಬಂತು. ವಿದ್ಯಾಳ ಜೊತೆ ಓದಿದ ಮನಿಷಾಳ ಮನೆ ಇರುವುದು ಅಲ್ಲೇ. ಅವಳಿಗೆ ಅದೇ ಕಂಪನಿಯಲ್ಲಿ ಅದೇ ಕೆಲಸ ಸಿಕ್ಕಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕೊಪ್ಪದ ಹೆಂಗಸರು ವಿದ್ಯಾಳಿಗಾಗಿ ಮರುಗಿದರು. ಬಾಳಾ ಅಂಗಳದಲ್ಲಿ ಕೂತು ಅದನ್ನೆಲ್ಲ ಕೇಳಿಸಿಕೊಂಡ.

ದೀಪಾವಳಿ ಕಳೆದ ವಾರ ವಿದ್ಯಾ ಕಾರವಾರಕ್ಕೆ ಹೊರಟಳು, ಬಟ್ಟೆ ಅಂಗಡಿಯ ಕೆಲಸಕ್ಕೆ; ಅವ್ವಿಯ ಔಷಧದ ಖರ್ಚು ಅಪ್ಪನ ಸಂಬಳಕ್ಕೆ ಎಟುಕುತ್ತಿರಲಿಲ್ಲ. ಅಲ್ಲೇ ಹತ್ತಿರದ ಅಮದಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಉಳಿಯುವುದೆಂದಾಯಿತು. ಹೋಗುವ ದಿನ ತಾಯಿಯ ತಲೆ ಬಾಚಿ, ಎಡಗೈಯನ್ನು ಬಹಳ ಹೊತ್ತು ಹಿಡಿದುಕೊಂಡಳು. ಗಂಗಮ್ಮ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಹಸಿವಿಗೆ ನಾಚಿಕೆಯಿಲ್ಲ, ನಾಲ್ಕನೆಯ ದಿನ ಗಂಡನ ಕೈಯ ತುತ್ತಿಗೆ ಬಾಯಿ ತೆರೆದಳು, ಕಣ್ಣು ಮಾತ್ರ ಗೋಡೆಯ ಕಡೆಗಿತ್ತು. ಅವಳನ್ನು ಒಬ್ಬಳೇ ಬಿಟ್ಟು ಕೆಲಸಕ್ಕೆ ಹೋಗುವಂತಿರಲಿಲ್ಲ. ಬಾಳಾ ತನ್ನ ಚೀಲ, ಇಕ್ಕಳ, ಟೆಸ್ಟಿಂಗ್ ಫೋನು ಎಲ್ಲವನ್ನೂ ಕಚೇರಿಗೆ ಒಪ್ಪಿಸಿ ಬಂದ. ತಾಮ್ರ ಉಳಿಯಿತು, ಬಾಳಾನ ಕೆಲಸ ಹೋಯಿತು.

ಪ್ರತಿ ಆದಿತ್ಯವಾರ ಸಂಜೆ ವಿದ್ಯಾ ಮನೆಯ ಫೋನಿಗೆ ಕರೆ ಮಾಡುತ್ತಿದ್ದಳು. ಮೊದಲು ಅಪ್ಪನ ಹತ್ತಿರ ಗದ್ದೆ, ದನ, ಅವ್ವಿಯ ಮಾತ್ರೆ ಎಂದು ಹತ್ತು ನಿಮಿಷ ಮಾತು. ಆಮೇಲೆ ತಾಯಿಯ ಕಿವಿಗೆ. ಆ ಹತ್ತು ನಿಮಿಷಕ್ಕಾಗಿ ಬಾಳಾ ವಾರವಿಡೀ ಕಾಯುತ್ತಿದ್ದ.

ಮಾಘದ ಒಂದು ಆದಿತ್ಯವಾರ ಅವಳ ದನಿ ಬೇರೆಯಾಗಿತ್ತು.

"ಬಸ್ಸಲ್ಲಿ ಹುಲಿಯಜ್ಜ ಸಿಕ್ಕಿದ್ದ ಅಪ್ಪಾ. ದವಾಖಾನೆಗೆ ಹೊಂಟಿದ್ದ. ಬನ ಉಳಿಸಿದ ಕತೆ ಹೇಳ್ದ. ಕೇಬಲ್ ಕೆರೆ ಸುತ್ತಿ ಬಂತಂತೆ. ಎಳ್ದವ ನೀನೇ ಅಂತೆ."

ಮುದುಕ ಹೆಮ್ಮೆಯಿಂದಲೇ ಹೇಳಿರಬೇಕು. ಬಾಳಾ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಹಾಂಗಾರೆ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನಿತೇಶ ಸರ್ ಕೇಳ್ದಾಗ್ಲೂ?"

"ಆಗ್ಲೂ."

"ಎಂತಕ್ಕೆ ಹೇಳ್ಲಿಲ್ಲ ಅಪ್ಪಾ?"

ನಿನಗೆ ಬೇಗ ಸಿಗಲಿ ಎಂದು ಹೇಳಬಹುದಿತ್ತು. ಆ ಮಾತು ಬಾಯಿಯವರೆಗೆ ಬಂದಿತ್ತು ಕೂಡ. ಆದರೆ ಬೇಸಿಗೆಯಿಂದಲೂ ಒಳಗೇ ಕೊರೆಯುತ್ತಿದ್ದ ನಿಜ ಅದನ್ನು ತಳ್ಳಿ ಹೊರಬಂತು.

"ತಾಮ್ರ ಕಿತ್ತ್ ಹಾಕ್ತಿದ್ರು ತಂಗೀ."

ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಲೈನು ಎಷ್ಟು ಚೊಕ್ಕವಾಗಿತ್ತೆಂದರೆ ಮಗಳು ಅಳು ನುಂಗಿಕೊಳ್ಳುವುದು ಅವನಿಗೆ ಕೇಳಿಸುತ್ತಿತ್ತು. ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ.

"ಅವ್ವಿಗೆ ಕೊಡು," ಎಂದಳು.

ಅವನು ರಿಸೀವರನ್ನು ಗಂಗಮ್ಮನ ಕಿವಿಗೆ ಹಿಡಿದು ನಿಂತ. ಮಗಳು ಏನು ಹೇಳುತ್ತಿದ್ದಾಳೆಂದು ಅವನಿಗೆ ತಿಳಿಯಲಿಲ್ಲ. ಗಂಗಮ್ಮನ ಕಣ್ಣಲ್ಲಿ ನೀರು ಬಂದಾಗ ತನ್ನ ಬರಿಗೈಯಲ್ಲೇ ಒರೆಸಿದ.

ಈಗಲೂ ಆದಿತ್ಯವಾರ ಫೋನು ಬರುತ್ತದೆ. ಒಂದು ವಾರವೂ ತಪ್ಪಿಲ್ಲ. ಬಾಳಾ ಎತ್ತಿ ಹಲೋ ಎನ್ನುತ್ತಾನೆ. "ಅವ್ವಿಗೆ ಕೊಡು," ಎನ್ನುತ್ತಾಳೆ ವಿದ್ಯಾ. ಅವನು ಕೊಡುತ್ತಾನೆ.