ಲೊಟಕ್ ಎಂಬ ಸಾಕ್ಷಿ

ಮಾವನ ಕಾರಿನ ಸದ್ದಿಗೆ ಮೊದಲ ತೀರ್ಪು ಕೊಟ್ಟವರು ದೊಡ್ಡ ಗ್ಯಾರೇಜೊಂದರವರು. 'ಹೌಸಿಂಗ್ ಹೋಗಿದೆ' ಎಂದರು. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ತೂಗುವ ಗುಂಡು ಪೆಟ್ಟಿಗೆಯೇ ಹೌಸಿಂಗು. ಅದರೊಳಗಿನ ಹಲ್ಲುಚಕ್ರ ಮದರಾಸಿನಿಂದ ಬರಬೇಕು, ತಿಂಗಳಾದರೂ ಹಿಡಿಯುತ್ತದೆ. ಅಕ್ಕ ಹುಣಸೂರಿನ ಗಂಡನ ಮನೆಗೆ ಹೊರಡಲು ಉಳಿದಿದ್ದದ್ದು ಮೂರೇ ದಿನ. ಕಾರಿನಲ್ಲೇ ಬಿಟ್ಟುಬರುತ್ತೇನೆಂದು ಮಾವ ಧಾರೆಯ ದಿನವೇ ಮಾತು ಕೊಟ್ಟಿದ್ದರು.

'ಬಸ್ಸಲ್ಲಿ ಹೋದ್ರೆ ಏನಾಗುತ್ತೆ?' ಎಂದೆ.

'ವಾಂತಿ ಆಗುತ್ತೆ ಕಣೋ. ಹೊಸ ಸೊಸೆ ವಾಂತಿ ಮಾಡ್ಕೊಂಡು ಇಳಿದ್ರೆ ಆ ಊರಿನೋರು ಬೆರಳು ಮಡಿಸಿ ತಿಂಗಳು ಎಣಿಸ್ತಾರೆ. ಆಗ ನೀನು ಬಂದು ವಾದ ಮಾಡ್ತೀಯಾ?' ಎಂದಳು ಅಕ್ಕ.

ನಾನಾಗ ಇಂಟರ್‌ಮೀಡಿಯೆಟ್. ಕಾಲೇಜಿನ ಚರ್ಚಾಕೂಟದಲ್ಲಿ ಎದುರಾಳಿಯ ಮೊದಲ ವಾಕ್ಯಕ್ಕೇ 'ಆಧಾರವೇನು?' ಎಂದು ಎದ್ದು ನಿಲ್ಲುತ್ತಿದ್ದವನು. ಮಾವನನ್ನೂ ಹಾಗೆಯೇ ಹಿಡಿದೆ. ಗ್ಯಾರೇಜಿನವರು ಬಿಚ್ಚಿ ನೋಡಿದರೇ? ಇಲ್ಲ. ಓಡಿಸಿ ನೋಡಿದರೇ? ಅದೂ ಇಲ್ಲ.

'ಹಾಗಾದ್ರೆ ಅದು ಅಭಿಪ್ರಾಯ, ನಿರ್ಣಯ ಅಲ್ಲ.'

'ನಿನ್ನ ನಿರ್ಣಯ ಏನಪ್ಪಾ?' ಎಂದರು ಮಾವ. ನನ್ನ ಬಳಿ ಇರಲಿಲ್ಲ. ವಿರೋಧ ಪಕ್ಷದಲ್ಲಿ ಮಾತಾಡುವವನಿಗೆ ಅದು ಬೇಕಾಗುವುದೂ ಇಲ್ಲ.

ಮರುದಿನ ಬೆಳಿಗ್ಗೆ ಮೂವರೂ ಅದೇ ಕಾರು ಹತ್ತಿ, ಒಂಟಿಕೊಪ್ಪಲಿನಾಚೆ ಹುಣಸೆಮರದ ಕೆಳಗೆ ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯೊಬ್ಬನ ಹತ್ತಿರ ಹೋದೆವು. ಅವನು ಕಾರನ್ನು ಮುಟ್ಟಲೇ ಇಲ್ಲ.

'ಸದ್ದು ಎಂಗೆ ಬರ್ತದೆ? ಬಾಯಲ್ಲಿ ಮಾಡಿ ತೋರ್ಸಿ ಸ್ವಾಮಿ.'

ಮಾವ ಗಂಟಲು ಸರಿಮಾಡಿಕೊಂಡು 'ಗುರ್ರ್... ಟಕ್' ಎಂದರು.

'ಗುರ್ರ್ ಅನ್ನೋದು ಇಂಜಿನ್ನು. ಅದನ್ನ ಬುಟ್ಟು ಯೋಳಿ.'

ನಾನು 'ಟಣ್' ಎಂದೆ.

'ಟಣ್ ಅನ್ನಾಕೆ ಅದೇನು ಗುಡಿ ಗಂಟೆಯಾ ಬುದ್ಧಿ?'

ನನಗೆ ರೇಗಿತು. 'ಬಾಯಲ್ಲಿ ಮಾಡಿದ ಸದ್ದು ಸಾಕ್ಷಿ ಆಗೋದು ಹೇಗ್ರೀ? ಒಬ್ಬೊಬ್ಬರ ಕಿವಿ ಒಂದೊಂದು ಥರ.'

'ಅದಕ್ಕೇ ಮೂರು ಜನಾನೂ ಕೇಳ್ತಾ ಇರೋದು.'

ಉತ್ತರದಲ್ಲಿ ತರ್ಕವಿತ್ತು. ಅದೇ ನನಗೆ ಹಿಡಿಸಲಿಲ್ಲ.

ಹಿಂದಿನ ಸೀಟಿನಲ್ಲಿ ಕೂತೇ ಇದ್ದ ಅಕ್ಕ 'ಲೊಟಕ್' ಎಂದಳು. 'ಹೊರಡೋವಾಗ ಒಂದು ಸಲ, ಗೇರು ಬದಲಾಯಿಸಿದಾಗ ಒಂದು ಸಲ. ನಡುವೆ ಏನೂ ಇಲ್ಲ. ಬರೋದು ನನ್ನ ಕಾಲ ಕೆಳಗೆ, ಬೆನ್ನ ಹಿಂದೆ ಅಲ್ಲ.'

ಮೇಸ್ತ್ರಿಯ ಮುಖ ಅರಳಿತು. 'ಅವ್ವಾವ್ರು ಸರಿಯಾಗಿ ಯೋಳುದ್ರು. ಹೌಸಿಂಗ್ ಹೋಗಿದ್ರೆ ಗಾಡಿ ಓಡೋವಾಗೆಲ್ಲ ಗೊಂಯ್ ಅಂತ ಅಳ್ತದೆ. ಇದು ಕ್ರಾಸು.' ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಕೊಳವೆಯ ತುದಿಯಲ್ಲಿ, ಕೂಡುವ ಚಿಹ್ನೆಯ ಆಕಾರದ ಕೀಲೊಂದು ಇರುತ್ತದೆ. ಅದೇ ಕ್ರಾಸು.

'ಆಧಾರ?' ಎಂದೆ.

'ಒಳಕ್ಕೆ ಬನ್ನಿ.'

ಅಕ್ಕನನ್ನು ಇಳಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಗೋಣಿತಟ್ಟು ಹಾಸಿದ. ಬಿಳಿ ಅಂಗಿಯಲ್ಲೇ ಕಾರಿನ ಕೆಳಗೆ ಅಂಗಾತ ತೂರಿದೆ. ಅವನು ಹೇಳಿದಂತೆ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದೆ. ಹೌಸಿಂಗು ಅಲುಗಲಿಲ್ಲ, ಕೀಲು ಮಾತ್ರ ಅಲುಗಿತು. ಅಲುಗಿ, ನನ್ನ ಅಂಗೈಯೊಳಗೇ, ಲೊಟಕ್ ಎಂದಿತು. ಟಣ್ ಅಲ್ಲವೇ ಅಲ್ಲ. ಮತ್ತೆ ತಿರುಚಿದೆ. ಮತ್ತೆ ಲೊಟಕ್. ಅಷ್ಟು ಸ್ಪಷ್ಟವಾದ ಸಾಕ್ಷಿ ಚರ್ಚಾಕೂಟದಲ್ಲಿ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಖುಷಿಯಿಂದ ತಿರುಚುತ್ತಲೇ ಇದ್ದೆ.

'ಅದೇ ಕಣೋ, ಅದೇ ಸದ್ದು' ಎಂದು ಅಕ್ಕ ಹೊರಗಿನಿಂದ ಕೂಗಿದಳು.

'ಸಾಕು ಬುಡಿ ಬುದ್ಧಿ, ಇನ್ನೂ ಸವೆದೋಯ್ತದೆ' ಎಂದ ಮೇಸ್ತ್ರಿ.

ಸಂಜೆಯೊಳಗೆ ಬೇರೆ ಕ್ರಾಸು ಹಾಕಿಕೊಟ್ಟ. ಅಂಗಿಯ ಬೆನ್ನಿನ ಗ್ರೀಸು ಎಷ್ಟು ಒಗೆದರೂ ಹೋಗಲಿಲ್ಲ.

ಹೊರಡುವ ದಿನ ಅಮ್ಮ ಆರತಿ ಎತ್ತಿದರು. ಮಾವ ಕ್ಲಚ್ ಬಿಟ್ಟರು, ಕಾರು ಬೆಣ್ಣೆಯಂತೆ ಸರಿಯಿತು. ಅಕ್ಕ ಕಣ್ಣೊರೆಸಿಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನನ್ನೇ ನೋಡುತ್ತ 'ಲೊಟಕ್' ಎಂದಳು.

ಮಾವ ಗಾಬರಿಯಿಂದ ಬ್ರೇಕ್ ಒತ್ತಿದರು. ಅವಳು ನಗು ತಡೆಯಲಾರದೆ ಸೀಟಿನ ಮೇಲೆ ಮಗುಚಿಕೊಂಡಿದ್ದು ಕಂಡ ಮೇಲೆಯೇ ಅವರಿಗೆ ಉಸಿರು ಬಂದದ್ದು.

'ಇನ್ನೊಂದು ಸಲ ಅಂದ್ರೆ ಇಲ್ಲೇ ಇಳಿಸಿ ಬಸ್ ಹತ್ತಿಸ್ಬುಡ್ತೀನಿ ನೋಡು' ಎಂದು ಗದರಿ, ಮಾವ ಮತ್ತೆ ಗೇರು ಹಾಕಿದರು.